ಇಂಬಳದ ದಾರಿಯಲ್ಲಿ ಅಪ್ಪ ನಿಂತ ಲೆಕ್ಕ

ಕಳೆದ ಮಳೆಗಾಲದಲ್ಲಿ ಅಪ್ಪನೂ ನಾನೂ ಸುಳ್ಯದ ಸುತ್ತಮುತ್ತ ನಾಲ್ಕು ದಾರಿಗಳಲ್ಲಿ ಒಟ್ಟು ನಲವತ್ತೊಂದು ಬೆಳಿಗ್ಗೆ ನಡೆದೆವು. ಜೂನ್ ಎಂಟಕ್ಕೆ ಶುರು, ಸೆಪ್ಟೆಂಬರ್ ಹದಿನಾಲ್ಕಕ್ಕೆ ಕೊನೆ. ಹೊಳೆ ಉಕ್ಕಿ ತಪ್ಪಿದ ದಿನಗಳನ್ನೂ ಅಮ್ಮನಿಗೆ ಜ್ವರ ಬಂದು ತಪ್ಪಿದ ದಿನಗಳನ್ನೂ ನನ್ನ ಪುಸ್ತಕದಲ್ಲಿ ಬೇರೆಯಾಗಿ ಬರೆದಿದ್ದೇನೆ.

ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು, ಮರದ ತೊಗಟೆ ಕೊಯ್ದು ಹಾಲು ಇಳಿಸುವ ಕೆಲಸ. ಇಪ್ಪತ್ತಾರು ವರ್ಷ ಒಂದೇ ಗುಡ್ಡೆಯ ತೋಟದಲ್ಲಿ ದಿನಕ್ಕೆ ಮುನ್ನೂರು ಮರ. ಮಾರ್ಚಿನಲ್ಲಿ ಎದೆನೋವು ಬಂದು ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ಆಮೇಲೆ ಪುತ್ತೂರಿನ ಡಾಕ್ಟರಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಗುಡ್ಡೆ ಹತ್ತಬಹುದೇ ಎಂದು.

"ಮಳೆಗಾಲ ಮುಗಿಯುವವರೆಗೆ ನಡೀರಿ. ಮೊದಲು ಏರಿಲ್ಲದ ತಟ್ಟು ಜಾಗ, ಮತ್ತೆ ನಿಧಾನಕ್ಕೆ ಏರು. ಏರಿನಲ್ಲಿ ಅರ್ಧ ಗಂಟೆ ನಿಲ್ಲದೆ ನಡೀಲಿಕ್ಕೆ ಆದ್ರೆ ನೋಡುವ" ಎಂದ ಡಾಕ್ಟರು ನನ್ನ ಕಡೆ ತಿರುಗಿದರು. "ಎಷ್ಟು ಸಲ ನಿಲ್ತಾರೆ ಅಂತ ನೀವು ಬರೆದಿಡಿ."

ಮಳೆಯಲ್ಲಿ ಹೇಗೂ ಆ ತೋಟದಲ್ಲಿ ಟ್ಯಾಪಿಂಗ್ ಇರುವುದಿಲ್ಲ. ಮಳೆ ಬಿಡುವುದರೊಳಗೆ ಅಪ್ಪನಿಗೆ ಗುಡ್ಡೆ ಸಿಗಬೇಕಿತ್ತು.

ಮೊದಲನೆಯದು ಪಯಸ್ವಿನಿಯ ಬದಿಯ ದಾರಿ. ಏರಿಲ್ಲ, ಗಾಳಿ ಉಂಟು, ರಕ್ತ ಹೀರುವ ಇಂಬಳ ಎರಡೋ ಮೂರೋ. ಅಲ್ಲಿ ನಡೆದ ಹದಿನೈದು ದಿನವೂ ಅಪ್ಪ ಒಮ್ಮೆಯೂ ನಿಲ್ಲಲಿಲ್ಲ. ಎರಡನೆಯದು ತೊಡಿಕಾನದ ಕಡೆಯ ಕಾಡುದಾರಿ. ಇದು ಸ್ವಲ್ಪ ಏರು, ತೊರೆಯ ಸದ್ದು ಕೊನೆಯವರೆಗೆ ಜೊತೆಗಿರುತ್ತದೆ. ಮೂರನೆಯದು ನೆಟ್ಟಣದಲ್ಲಿ, ದೊಡ್ಡಮ್ಮನ ಮನೆಯ ಹಿಂದಿನದು. ಅಲ್ಲಿಗೆ ಹೋದದ್ದು ಎರಡೇ ಸಲ, ಆದರೆ ಇಂಬಳದಲ್ಲಿ ಅದನ್ನು ಮೀರಿಸುವ ದಾರಿಯಿಲ್ಲ. ಒಂದು ಬೆಳಿಗ್ಗೆ ಇಬ್ಬರ ಕಾಲಿನಿಂದ ಮೂವತ್ತನಾಲ್ಕು ತೆಗೆದೆವು. ನಾಲ್ಕನೆಯದು ಪೂಮಲೆಯ ಬದಿಯ ಏರು. ಅಪ್ಪನ ತೋಟದ ಗುಡ್ಡೆಗೆ ಸಮನಾದದ್ದು ಅದೊಂದೇ. ಹಾಗಾಗಿ ಪರೀಕ್ಷೆ ಅಲ್ಲಿಯೇ ಎಂದು ಇಬ್ಬರೂ ಒಪ್ಪಿದ್ದೆವು.

ಏರು ಶುರುವಾದ ಮೊದಲ ದಿನವೇ ಅಪ್ಪ ಒಂದು ನಿಯಮ ಹೇಳಿದರು. "ಇಂಬಳ ತೆಗೀಲಿಕ್ಕೆ ಬಗ್ಗಿದ್ದನ್ನು ನಿಂತ ಲೆಕ್ಕಕ್ಕೆ ಸೇರಿಸ್ಬೇಡ. ಅದು ನನ್ನ ಎದೆಯದ್ದಲ್ಲ, ಇಂಬಳದ ತಪ್ಪು."

ನನಗೂ ಸರಿಯೆನಿಸಿತು. ಸ್ಕೇಲ್ ಇಟ್ಟು ಎರಡು ಕಾಲಂ ಎಳೆದೆ: 'ನಿಂತದ್ದು', 'ಇಂಬಳಕ್ಕೆ ಬಗ್ಗಿದ್ದು'. ಜುಲೈ ಕೊನೆಗೆ ಮೊದಲ ಕಾಲಂನಲ್ಲಿ ಬರೇ ಸೊನ್ನೆ ಮತ್ತು ಒಂದು. ಎರಡನೆಯದರಲ್ಲಿ ಏಳು, ಒಂಬತ್ತು, ಹನ್ನೊಂದು.

ಅಮ್ಮ ಪುಸ್ತಕ ನೋಡಿ, ನನ್ನ ಕಾಲಿಗೆ ಹತ್ತಿದ್ದೆಷ್ಟು ಎಂದು ತಿಳಿದುಕೊಂಡು ಅಪ್ಪನನ್ನು ಕೇಳಿದಳು. "ಇವಳಿಗೆ ಎರಡು ಇಂಬಳ, ನಿಮಗೆ ಹನ್ನೊಂದು. ನಿಮ್ಮದು ಎಂತ, ಅಷ್ಟು ರುಚಿಯ ರಕ್ತವಾ?"

"ಶುಗರ್ ಉಂಟಲ್ಲ ಮಾರಾಯ್ತಿ. ಇಂಬಳಕ್ಕೂ ಸಿಹಿ ಗೊತ್ತಾಗ್ತದೆ" ಎಂದರು ಅಪ್ಪ.

ಅಷ್ಟು ಸಲ ಬಗ್ಗಿದರೆ ಸೊಂಟಕ್ಕೂ ಕಷ್ಟ ಎಂದು ನಾನು ಉಪಾಯ ಹುಡುಕಿದೆ. ಸುಣ್ಣ, ಹೊಗೆಸೊಪ್ಪು, ಉಪ್ಪು ಎಲ್ಲ ಮಳೆಗೆ ತೊಳೆದುಹೋಗುತ್ತಿದ್ದವು. ನಮ್ಮ ನೆರೆಯವರು ಮರಗಳಿಗೆ ಪ್ಲಾಸ್ಟಿಕ್ ಕಟ್ಟಿ ಮಳೆಯಲ್ಲೂ ಟ್ಯಾಪಿಂಗ್ ಮಾಡುತ್ತಾರೆ. ಅವರಿಂದ ಒಂದು ಕ್ಯಾನ್ ರಬ್ಬರ್ ಹಾಲು ತಂದೆ. ಅಪ್ಪನ ಉದ್ದದ ಕಾಲುಚೀಲಗಳನ್ನು ಎರಡು ಬಾಟಲಿಗಳಿಗೆ ಎಳೆದು ಹಾಕಿ, ಮೂರು ಸಲ ಹಾಲು ಬಳಿದು, ಅವರು ರಬ್ಬರ್ ಶೀಟು ಒಣಗಿಸುವ ಹೊಗೆಯಲ್ಲಿ ಮೂರು ದಿನ ತೂಗಿಸಿದೆ.

ಅಪ್ಪ ಅದನ್ನು ಬೆಳಕಿಗೆ ಹಿಡಿದು, ಎಳೆದು, ಮೂಸಿ ನೋಡಿದರು. "ಶೀಟು ಎಷ್ಟು ಸಾವಿರ ಮಾಡಿದ್ದೇನೆ. ಕಾಲಿಗೆ ಹಾಕುದು ಇದೇ ಮೊದಲು."

"ಜಾಗ್ರತೆ, ರಬ್ಬರ್ ತಗೊಳ್ಳುವ ಸೊಸೈಟಿಯವರು ಕಂಡರೆ ಕಾಲು ಸಮೇತ ತೂಕಕ್ಕೆ ಇಡ್ತಾರೆ" ಎಂದಳು ಅಮ್ಮ.

ಆಗಸ್ಟ್ ಇಪ್ಪತ್ಮೂರು, ಪೂಮಲೆಯ ಬದಿ, ಸಣ್ಣ ಮಳೆ. ಇಂಬಳಗಳು ಕಾಲುಚೀಲ ಹತ್ತುವುದು, ಜಾರುವುದು, ಬೀಳುವುದು ನೋಡಿ ನನಗೆ ಖುಷಿಯೋ ಖುಷಿ. ಎಂಟು ನಿಮಿಷ ಆಗುವಾಗ ಅಪ್ಪ ಬಗ್ಗಿದರು. ಕಾಲಿನಲ್ಲಿ ಏನೂ ಇರಲಿಲ್ಲ. ಅವರ ಕೈ ಸ್ವಲ್ಪ ಹೊತ್ತು ಮೊಣಕಾಲಿನ ಮೇಲೆಯೇ ಇತ್ತು. ಹದಿಮೂರನೆಯ ನಿಮಿಷಕ್ಕೆ ಮತ್ತೆ ಹಾಗೆಯೇ. ಮೂರನೆಯ ಸಲ ಬಗ್ಗಲಿಲ್ಲ. ಒಂದು ಮರಕ್ಕೆ ಅಂಗೈ ಒತ್ತಿ ನಿಂತರು. ಮಳೆಯ ಸದ್ದಿನ ನಡುವೆಯೂ ಅವರ ಉಸಿರು ನನಗೆ ಕೇಳುತ್ತಿತ್ತು.

"ಇಂಬಳ ಉಂಟಾ ಅಪ್ಪ?"

"ಇಲ್ಲ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ಮೊದಲೂ ಅಷ್ಟೆಲ್ಲ ಇರ್ಲಿಲ್ಲ."

ಅರ್ಧ ಗಂಟೆಗೆ ಆರು ಸಲ ನಿಂತಿದ್ದರು. ಕೆಳಗೆ ಇಳಿದು ಬಂದು ನಾನು ಪುಸ್ತಕ ತೆಗೆದಾಗ ಕೇಳಿದರು. "ಎಂತ ಬರೀತಿ?"

"ಆರು."

"ಐದು ಅಂತ ಬರೆದ್ರೆ?"

"ಐದಾದ್ರೂ ಗುಡ್ಡೆಗೆ ಬಿಡ್ಲಿಕ್ಕಿಲ್ಲ ಅಪ್ಪ."

"ಹಾಗಾದ್ರೆ ಆರೇ ಇರ್ಲಿ."

ಎರಡನೆಯ ಕಾಲಂನ ಅಂಕೆಗಳೆಲ್ಲ ನನ್ನದೇ ಕೈಬರಹದಲ್ಲಿದ್ದವು. ಮನೆಗೆ ಬಂದು ಊಟವಾದ ಮೇಲೆ ಒಂದೊಂದೇ ತಾರೀಕು ಓದಿದೆ. ಅಪ್ಪ ಕಣ್ಣು ಮುಚ್ಚಿ ಕುಳಿತು ನೆನಪು ಮಾಡಿ ಹೇಳಿದರು.

"ಜುಲೈ ಹನ್ನೆರಡು, ತೊಡಿಕಾನ. ಹನ್ನೊಂದರಲ್ಲಿ ಇಂಬಳ ಎಷ್ಟು?"

"ಮೂರು."

"ಉಳಿದದ್ದು?"

"ಉಳಿದದ್ದು ನಾನೇ."

ಹೀಗೆ ಹದಿನೆಂಟು ದಿನಗಳನ್ನು ತಿದ್ದಿದೆವು. ಆಮೇಲೆ ಸೆಪ್ಟೆಂಬರ್ ಹದಿನಾಲ್ಕರವರೆಗೆ ಪೂಮಲೆಯ ಬದಿ ಇನ್ನೂ ನಾಲ್ಕು ಸಲ ಹತ್ತಿದೆವು. ಅತಿ ಕಡಿಮೆ ನಿಂತ ದಿನವೂ ಅರ್ಧ ಗಂಟೆಗೆ ನಾಲ್ಕು ಸಲ ನಿಂತಿದ್ದರು.

ಮರುದಿನ ಪುತ್ತೂರಿನಲ್ಲಿ ಡಾಕ್ಟರು ತಮ್ಮ ಪರೀಕ್ಷೆ ಮುಗಿಸಿ, ಪುಸ್ತಕವನ್ನು ಮೊದಲಿನಿಂದ ಓದಿದರು. "ಗುಡ್ಡೆ ಬೇಡ" ಎಂದರು. ಅಪ್ಪ ತಲೆಯಾಡಿಸಿದರು. ಡಾಕ್ಟರು ಪಯಸ್ವಿನಿಯ ಪುಟಕ್ಕೆ ಹಿಂದಿರುಗಿ, ಹದಿನೈದು ಸೊನ್ನೆಗಳ ಮೇಲೆ ಪೆನ್ನು ಓಡಿಸಿದರು. "ತಟ್ಟು ಜಾಗದಲ್ಲಿ ನೂರು ಮರ ಮಾಡಿ. ನೂರಕ್ಕಿಂತ ಒಂದೂ ಹೆಚ್ಚು ಬೇಡ."

ಹಿಂದೆ ಬರುವಾಗ ಬಸ್ಸು ಕುಂಬ್ರ ದಾಟುತ್ತಿತ್ತು. ಅಪ್ಪ ಒಮ್ಮೆಲೇ ಹೇಳಿದರು. "ತೋಟದ ಕೆಳಗಿನ ತಟ್ಟಿನಲ್ಲಿ ನೂರ ಹದಿನೆಂಟು ಮರ ಉಂಟು."

"ಹಾಗಾದ್ರೆ ಹದಿನೆಂಟು ಬಿಡ್ಬೇಕಲ್ಲ?"

"ಅದೇ. ಯಾವುದನ್ನು ಬಿಡುದು?"

ತೋಡಿನ ಕಡೆ ವಾಲಿದ್ದು, ಸಿಡಿಲು ಬಡಿದದ್ದು, ಕೊಯ್ದು ಕೊಯ್ದು ತೊಗಟೆ ಮುಗಿದ ಜೋಡಿಮರ ಎಂದು ಬೆರಳು ಮಡಚುತ್ತಾ ಹೋದರು. ನಾನು ಪುಸ್ತಕದಲ್ಲಿ ಗುರುತು ಹಾಕುತ್ತಾ ಬಂದೆ. ಸುಳ್ಯದಲ್ಲಿ ಇಳಿಯುವಾಗ ಹದಿನಾಲ್ಕು ಆಗಿತ್ತು. ಇನ್ನು ನಾಲ್ಕನ್ನು ಬಿಡಲು ಅವರಿಗೆ ಮನಸ್ಸು ಬರಲಿಲ್ಲ.