ಹಳದಿ ಹೊಲದಾಚೆಯ ಗೆರೆ

ಹ್ಯಾಂಗ್ ಗ್ಲೈಡರ್ ಎಂದರೆ ಅಲ್ಯುಮಿನಿಯಂ ಪೈಪಿನ ಚೌಕಟ್ಟಿಗೆ ಬಟ್ಟೆ ಬಿಗಿದ ದೊಡ್ಡ ರೆಕ್ಕೆ. ಮನುಷ್ಯ ಅದರ ಕೆಳಗೆ ಹೊಟ್ಟೆಯಡಿಯಾಗಿ ಜೋತುಬಿದ್ದು ಹಾರುತ್ತಾನೆ. ಎಂಜಿನ್ ಇರುವುದಿಲ್ಲ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯಲ್ಲಿ ಹದ್ದಿನ ಹಾಗೆ ಸುತ್ತುತ್ತಾ ಏರಬೇಕು, ಏರಿದಷ್ಟನ್ನು ಖರ್ಚು ಮಾಡುತ್ತಾ ಮುಂದೆ ಸಾಗಬೇಕು. ದಾವಣಗೆರೆಯಲ್ಲಿ ಈಗಲೂ ಯಾರಾದರೂ ಕೇಳಿದರೆ ಇಷ್ಟು ಹೇಳಿದ ಮೇಲೆಯೇ ನನ್ನ ಮುಂದಿನ ಮಾತು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಲೇತ್ ಕೆಲಸ ಕಲಿತು, ಆಮೇಲೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಶೆಡ್ ಹಾಕಿಕೊಂಡೆ. ಪೈಪ್ ಬಗ್ಗಿಸುವುದು, ವೆಲ್ಡಿಂಗ್, ಟ್ರಾಕ್ಟರ್ ಟ್ರೇಲರಿನ ಕೆಲಸ. ನನ್ನ ಶೆಡ್ಡಿನಿಂದ ಹೋದ ಮಾಲು ರಿಪೇರಿಗೆಂದು ವಾಪಸ್ ಬಂದದ್ದು ಕಡಿಮೆ. ಇದನ್ನು ಜಂಬ ಎಂದುಕೊಂಡರೂ ನನಗೆ ಬೇಜಾರಿಲ್ಲ.

ಊರ ಹತ್ತಿರದ ಕೊಂಡಜ್ಜಿ ಗುಡ್ಡದಿಂದ ಹೀಗೆ ಹಾರಲು ಬೆಂಗಳೂರಿನ ಕೆಲವರು ಬರುತ್ತಿದ್ದರು. ಒಮ್ಮೆ ಇಳಿಯುವಾಗ ಪೈಪ್ ಮುರಿದುಕೊಂಡು ನನ್ನಲ್ಲಿಗೆ ಬಂದರು. ಹೊಸದು ಮಾಡಿ ಕೂರಿಸಿಕೊಟ್ಟೆ. ಕೂಲಿ ಎಷ್ಟು ಎಂದು ಕೇಳಿದರು.

"ಕೂಲಿ ಬ್ಯಾಡ್ರಿ. ನನಗೂ ಹಾರಾದು ಕಲಿಸ್ರಿ" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಮುಂದಿನ ಭಾನುವಾರ ಗುಡ್ಡದ ಬುಡದಲ್ಲಿ ಅವರಿಗಿಂತ ಮೊದಲೇ ನಿಂತಿದ್ದೆ. ಹೀಗೆ ಶುರುವಾಗಿ, ಕೆಲವು ವರ್ಷಗಳಲ್ಲಿ ಕೊಂಡಜ್ಜಿಯಿಂದ ಎದ್ದು ದಾವಣಗೆರೆಯ ಆಚೆಗಿನ ಹದಡಿ ದಾಟಿ ಹೋಗುವಷ್ಟು ಕಲಿತೆ. ತೊಂಬತ್ತರ ದಶಕದ ಕೊನೆಯಲ್ಲಿ, ಆಸ್ಟ್ರೇಲಿಯಾದಲ್ಲಿ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ, ನಮ್ಮ ದೇಶದಿಂದ ಒಬ್ಬರು ಹೋಗಬಹುದು ಎಂಬ ಸುದ್ದಿ ಬಂತು. ಬೆಂಗಳೂರಿನವರಿಗೆ ಅಷ್ಟು ದಿನ ರಜೆ ಸಿಗುವ ಹಾಗಿರಲಿಲ್ಲ. ನನ್ನ ಶೆಡ್ಡಿಗೆ ನಾನೇ ಯಜಮಾನ, ರಜೆ ಯಾರನ್ನೂ ಕೇಳಬೇಕಿರಲಿಲ್ಲ.

ನೆಲದ ಮೇಲೆ ಕಾರು ಓಡಿಸಿಕೊಂಡು ಹಿಂಬಾಲಿಸಲು, ಎಲ್ಲಿ ಇಳಿದರೂ ಬಂದು ಎತ್ತಿಕೊಳ್ಳಲು ಒಬ್ಬ ಡ್ರೈವರ್ ಬೇಕು. ಹೆಂಡತಿಯ ತಮ್ಮನನ್ನು ಕರೆದುಕೊಂಡು ಹೋದೆ. ಅವನು ಹರಿಹರದವನು, ದಾವಣಗೆರೆಗೂ ಹರಿಹರಕ್ಕೂ ಟೆಂಪೊ ಓಡಿಸುತ್ತಿದ್ದ. ಇಂಗ್ಲಿಷ್ ನನಗೆ ಅಷ್ಟಿಷ್ಟು ಬರುತ್ತಿತ್ತು, ಅವನಿಗೆ ಅದೂ ಇಲ್ಲ. ಆದರೆ ದಾರಿ ಒಮ್ಮೆ ನೋಡಿದರೆ ಮರೆಯುವವನಲ್ಲ. ಅಲ್ಲಿಯೂ ಎಡಗಡೆಯೇ ಗಾಡಿ ಓಡಿಸುತ್ತಾರೆ ಎಂದು ತಿಳಿದಾಗ, "ಹಂಗಾರೆ ಅದೂ ನಮ್ಮೂರೇ ಬಿಡ್ರಿ ಮಾಮ" ಎಂದುಬಿಟ್ಟ. ಅಲ್ಲಿ ಇಳಿದಾಗ, ಅವನ ಅಕ್ಕ ಕಟ್ಟಿಕೊಟ್ಟಿದ್ದ ಕಾಳುಗಳ ಗಂಟನ್ನು, ಹೊರಗಿನ ಬೀಜ ಒಳಗೆ ಬಿಡುವುದಿಲ್ಲವೆಂದು ವಿಮಾನ ನಿಲ್ದಾಣದವರು ಕಿತ್ತಿಟ್ಟುಕೊಂಡಾಗ ಆ ಮಾತನ್ನು ವಾಪಸ್ ತೆಗೆದುಕೊಂಡ.

ಸ್ಪರ್ಧೆಯ ನಿಯಮ ಸರಳ. ಎಲ್ಲರೂ ಒಂದು ಗುಡ್ಡದಿಂದ ಹಾರಬೇಕು. ದೂರದ ಒಂದು ಊರಿನ ಹೊರಗೆ ನೆಲದ ಮೇಲೆ ಉದ್ದನೆಯ ಬಿಳಿ ಪಟ್ಟಿ ಹಾಸಿರುತ್ತಾರೆ. ಅದೇ ಗೆರೆ. ದಿನಕ್ಕೊಂದು ಊರು, ದಿನಕ್ಕೊಂದು ಗೆರೆ. ಬೇಗ ದಾಟಿದವನಿಗೆ ಹೆಚ್ಚು ಅಂಕ. ದಾಟಲು ಆಗದವನಿಗೆ ಎಲ್ಲಿ ಇಳಿದನೋ ಅಲ್ಲಿಯವರೆಗಿನ ದೂರ ಲೆಕ್ಕ. ಅಲ್ಲಿಗೆ ಬಂದವರ ರೆಕ್ಕೆಗಳನ್ನೂ ಅವರು ಹಾರುವ ಪರಿಯನ್ನೂ ಮೊದಲ ದಿನ ನೋಡಿದಾಗಲೇ ಗೆಲ್ಲುವ ಮಾತನ್ನು ತಲೆಯಿಂದ ತೆಗೆದುಹಾಕಿದೆ. ಆದರೆ ಒಂದು ದಿನವಾದರೂ ಗೆರೆ ದಾಟಲೇಬೇಕು. ಹೋಗಿದ್ದ, ಭಾಗವಹಿಸಿದ್ದ, ಅಷ್ಟೇ ಎಂದು ಊರಲ್ಲಿ ಹೇಳಿಸಿಕೊಳ್ಳುವುದು ನನ್ನ ಕೈಲಿ ಆಗದ ಮಾತು. ಅರ್ಧ ವೆಲ್ಡ್ ಮಾಡಿದ ಗೇಟನ್ನು ಯಾರ ಮನೆಗೂ ಕೊಟ್ಟವನಲ್ಲ ನಾನು.

ದಿನಗಳು ಒಂದೊಂದಾಗಿ ಹೋದವು. ಪ್ರತಿ ದಿನವೂ ಗೆರೆಗೆ ಮೊದಲೇ ಇಳಿದೆ. ಅಲ್ಲಿನ ಬಯಲಲ್ಲಿ ಬಿಸಿಗಾಳಿ ಬಹಳ ಜೋರು. ಭದ್ರಾ ನಾಲೆಯ ತೇವದ ಗದ್ದೆಗಳ ಮೇಲೆ ಹಾರಿ ರೂಢಿಯಾದ ನನಗೆ, ಸಿಕ್ಕ ಗಾಳಿಯನ್ನು ಬಿಡದೆ ನಿಧಾನಕ್ಕೆ ಸುತ್ತುವ ಅಭ್ಯಾಸ. ಉಳಿದವರು ನನ್ನನ್ನು ದಾಟಿ ಹೋಗಿ, ಗೆರೆಯ ಹತ್ತಿರ ರೆಕ್ಕೆ ಮಡಚಿ ಬಿಯರ್ ಕುಡಿಯುವ ಹೊತ್ತಿಗೆ ನಾನಿನ್ನೂ ದಾರಿಯಲ್ಲಿರುತ್ತಿದ್ದೆ. ಸಂಜೆಗೆ ನೆಲ ತಣ್ಣಗಾಗಿ ಗಾಳಿ ಸಾಯುತ್ತಿತ್ತು.

"ಮಾಮ, ಸ್ಟಾಪ್ ಸ್ಟಾಪಿಗೂ ನಿಲ್ಲಿಸ್ಕೊಂಡು ಬರಾದು ನನ್ನ ಟೆಂಪೊ. ನೀವ್ಯಾಕ ಹಂಗೆ ಬರ್ತೀರಿ?" ಎಂದು ಬಾಮೈದ ಕೆಳಗೆ ಕಾರಿನಿಂದ ವಾಕಿಟಾಕಿ ರೇಡಿಯೊದಲ್ಲಿ ಕೆಣಕುತ್ತಿದ್ದ. ನಮ್ಮ ಕನ್ನಡ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲವಾದ್ದರಿಂದ ನಾನೂ ಬಾಯಿಗೆ ಬಂದದ್ದು ಅನ್ನುತ್ತಿದ್ದೆ.

ಕೊನೆಗೆ ಎರಡೇ ದಿನ ಉಳಿದವು. ಅವತ್ತು ಬೇಗ ಹಾರಿದೆ, ಸುತ್ತುವುದನ್ನು ಕಡಿಮೆ ಮಾಡಿದೆ, ಚೆನ್ನಾಗಿಯೇ ಬಂದೆ. ಸಂಜೆಗೆ ಮುಂಚೆ ಗೆರೆಯ ಊರು ಕಣ್ಣಿಗೆ ಬಿತ್ತು. ಎತ್ತರ ಸಾಕಾಗಬಹುದು, ಸಾಕಾಗದೆಯೂ ಇರಬಹುದು. ಗೆರೆಗೂ ನನಗೂ ನಡುವೆ ಒಂದು ದೊಡ್ಡ ಹೊಲ. ಬೇಲಿಯಿಂದ ಬೇಲಿಗೆ ಒಂದೇ ಹಳದಿ. ಗಾಳಿಗೆ ಅಲೆ ಅಲೆಯಾಗಿ ಬಾಗಿ ಏಳುತ್ತಿತ್ತು.

ಇಲ್ಲಿ ನಮ್ಮೂರ ಹತ್ತಿರದ ಕುಕ್ಕುವಾಡದ ಮಾತು ಹೇಳಬೇಕು. ಹಾರುವುದು ಕಲಿತ ಹೊಸತರಲ್ಲಿ ಗಾಳಿ ಕೈಕೊಟ್ಟು ಕುಕ್ಕುವಾಡದ ಒಬ್ಬರ ಭತ್ತದ ಗದ್ದೆಯಲ್ಲಿ ಇಳಿದುಬಿಟ್ಟಿದ್ದೆ. ಭತ್ತ ತೆನೆ ಕಟ್ಟಿತ್ತು. ರೆಕ್ಕೆಯ ಅಗಲಕ್ಕೂ ಪೈರು ಮಲಗಿತು. ಗದ್ದೆಯ ಯಜಮಾನ ಕೂಗಾಡಲಿಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ಮ್ಯಾಲಿಂದ ನೋಡಿದ್ರೆ ಅನ್ನ ಕಾಣಲ್ವಾ ತಮ್ಮಾ?" ಎಂದು ಕೇಳಿದ. ಆಮೇಲೆ ಬಿದ್ದ ಪೈರನ್ನು ಹಿಡಿ ಹಿಡಿಯಾಗಿ ಎತ್ತಿ, ಒಂದಕ್ಕೊಂದು ಆನಿಸಿ ಕಟ್ಟುವುದನ್ನು ತೋರಿಸಿಕೊಟ್ಟ. ಸಂಜೆಯವರೆಗೂ ಕೆಸರಲ್ಲಿ ನಿಂತು ಕಟ್ಟಿದೆ. ಅವನ ಹೆಂಡತಿ ನನಗೂ ರೊಟ್ಟಿ ಕೊಟ್ಟಳು. ಆವತ್ತಿನಿಂದ ನಿಂತ ಬೆಳೆಯ ಮೇಲೆ ಇಳಿಯುವ ಅಪಾಯವಿದ್ದರೆ ಆ ಕಡೆಗೇ ಹೋಗುವುದಿಲ್ಲ. ದಾವಣಗೆರೆ ಸುತ್ತ ಹಾರುವವನಿಗೆ ಬೇರೆ ದಾರಿಯೂ ಇಲ್ಲ, ಎಲ್ಲೆಲ್ಲೂ ಗದ್ದೆಯೇ.

ಆ ಹಳದಿ ಹೊಲವನ್ನು ನೋಡಿದಾಗ ಬಾಮೈದ ರೇಡಿಯೊದಲ್ಲಿ ಕೂಗುತ್ತಿದ್ದ.

"ಬರ್ರಿ ಮಾಮ, ನೇರಕ್ಕೆ ಬರ್ರಿ! ಗೆರೆ ಇಲ್ಲೇ ಐತೆ, ನಾನು ಗೆರೆ ಪಕ್ಕನೇ ಅದೀನಿ!"

"ಮುಂದೆ ಬೆಳಿ ಐತಲ್ಲೋ! ಕಟಾವಿಗೆ ಬಂದೈತೆ!"

"ಯಾವ ಬೆಳಿ?"

ಉತ್ತರ ಹೇಳಲು ಹೊತ್ತಿರಲಿಲ್ಲ. ಬಲಕ್ಕೆ ತಿರುಗಿದೆ. ಕುರಿ ಮೇಯ್ದು ಬೋಳಾಗಿದ್ದ ನೆಲದಲ್ಲಿ ಮೆತ್ತಗೆ ಇಳಿದೆ. ಗೆರೆಯ ಬಿಳಿ ಪಟ್ಟಿ ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ನನ್ನ ಹಿಂದೆ ಬಂದ ಇಬ್ಬರು ಹಳದಿಯ ಮೇಲೆ ನೆಟ್ಟಗೆ ಹೋದರು. ಒಬ್ಬ ಗೆರೆ ದಾಟಿದ. ಇನ್ನೊಬ್ಬ ಗೆರೆಗೆ ಮೊದಲೇ ಹೊಲದ ನಡುವೆ ಇಳಿದ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ಬಾಮೈದ ಕಾರು ತಂದು ನಿಲ್ಲಿಸಿದ. ಅವನ ಹಿಂದೆಯೇ ಆ ಜಮೀನಿನ ಯಜಮಾನ, ವಯಸ್ಸಾದ ಮನುಷ್ಯ, ತನ್ನ ಪಿಕಪ್ ಗಾಡಿಯಲ್ಲಿ ಬಂದ. ನಾನು ಹಳದಿ ಹೊಲದ ಕಡೆ ಕೈ ತೋರಿಸಿ, ಬರುವಷ್ಟು ಇಂಗ್ಲಿಷಿನಲ್ಲಿ, ನಿನ್ನ ಬೆಳೆ ಹಾಳಾಗಬಾರದೆಂದು ಇಲ್ಲಿ ಇಳಿದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಆಗ ಬೇಲಿಯ ಹತ್ತಿರ ಹೋಗಿ ಒಂದು ಹಿಡಿ ಕಿತ್ತು ತಂದ. ಎರಡೂ ಅಂಗೈ ನಡುವೆ ಇಟ್ಟು ಉಜ್ಜಿದ, ಬಾಯಿಂದ ಊದಿದ, ಅಂಗೈ ಚಾಚಿ ತೋರಿಸಿದ. ಖಾಲಿ. ಒಂದು ಕಾಳೂ ಇಲ್ಲ. ಅವರ ಗೋಧಿಯ ಸುಗ್ಗಿ ಮುಗಿದು ತಿಂಗಳುಗಳೇ ಆಗಿದ್ದವು. ಅದು ಬಿಸಿಲಿಗೆ ಒಣಗಿ ನಿಂತ ಕುರಿಗಳ ಹುಲ್ಲು.

"ಹುಲ್ಲು ಮಾಮ! ಬರೇ ಹುಲ್ಲು!" ಬಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ಕುರಿ ಮೇವಿಗೆ ಮರ್ವಾದಿ ಕೊಟ್ಟು ಬಂದ್ರಲ್ಲ!"

"ನೀನು ಗೆರೆ ಪಕ್ಕ ಇದ್ದಿಯಲ್ಲೋ, ಬಾಯಿ ಇರಲಿಲ್ವಾ?"

"ಯಾವ ಬೆಳಿ ಅಂತ ಕೇಳಿದ್ನಲ್ಲ. ನೀವು ಉತ್ತರ ಕೊಡಾದು ಬಿಟ್ಟು ಇಳಿದ್ರಿ."

ಆ ಮಾತು ನಿಜವಾದ್ದರಿಂದ ನನಗೆ ಇನ್ನೂ ಸಿಟ್ಟು ಬಂತು. ರೆಕ್ಕೆ ಮಡಚಿ ಕಾರಿಗೆ ಕಟ್ಟಿದೆ. ರಾತ್ರಿ ಅವನು ಅನ್ನ, ಸಾರು ಮಾಡಿದ, ನಾನು ಉಂಡೆ. ನಾನು ತಿರುಗಿದ್ದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಮೇಲಿನಿಂದ ನೋಡಿದವನಿಗೆ ಅದು ಬೆಳೆಯೇ. ಆದರೆ ಗೆರೆ ದಾಟಲಿಲ್ಲ, ಉಳಿದದ್ದು ಒಂದೇ ದಿನ. ಹಾಗಾದರೆ ಮೇಲಿನಿಂದ ಕಾಣದ್ದನ್ನು ಕೆಳಗಿನಿಂದ ನೋಡುವವನು ಬೇಕು.

ಮಾರನೆಯ ದಿನ ಬೆಳಿಗ್ಗೆ ಅವನಿಗೆ ಹೇಳಿದೆ: "ಇವತ್ತು ನನ್ನ ಹಿಂದೆ ಬರಬ್ಯಾಡ. ನೇರ ಗೆರೆಗೆ ಹೋಗು. ಊರಿಗೆ ಮುಂಚೆ ಇರೋ ಹೊಲ ಎಲ್ಲಾ ನೋಡು. ಕಿತ್ತು ಉಜ್ಜು, ಊದು. ನಾನು ಬರೋದ್ರೊಳಗೆ ಯಾವುದು ಏನು ಅಂತ ಹೇಳಬೇಕು."

"ದಾರಿ ಮಧ್ಯ ಇಳಿದ್ರೆ ಎತ್ತಾಕೆ ಯಾರು ಬರ್ತಾರ್ರಿ?"

"ಇಳಿಯಲ್ಲ."

"ಆತು. ಇಳಿದ್ರೆ ನಡ್ಕೊಂಡು ಬರ್ರಿ ಮತ್ತೆ."

ಆ ದಿನ ಗಾಳಿ ಅಷ್ಟು ಚೆನ್ನಾಗಿರಲಿಲ್ಲ. ತೆಳು ಮೋಡ ಬಂದು ನೆಲ ಕಾಯುವುದು ತಡವಾಯಿತು. ಮುಂದಿದ್ದವರಲ್ಲಿ ಕೆಲವರು ಅವಸರಪಟ್ಟು ದಾರಿಯಲ್ಲೇ ಇಳಿದುಹೋದರು. ನಮ್ಮ ಗದ್ದೆಗಳ ಮೇಲೆ ಕಲಿತ ನನ್ನ ನಿಧಾನ ಅವತ್ತು ಕೆಲಸಕ್ಕೆ ಬಂತು. ಸಿಕ್ಕ ಸಣ್ಣ ಗಾಳಿಯನ್ನೂ ಬಿಡಲಿಲ್ಲ. ಕೈ ಜೋಮು ಹಿಡಿಯಿತು, ಸೊಂಟ ನೋಯುತ್ತಿತ್ತು. ಕೊನೆಯ ಸಲ ಏರಿ, ಇನ್ನು ಏರಲು ಆಗದು ಎಂದು ಗೊತ್ತಾದಾಗ ಗೆರೆಯ ಕಡೆ ರೆಕ್ಕೆಯ ಮೂತಿ ತಿರುಗಿಸಿದೆ. ಎತ್ತರ ನಿನ್ನೆಗಿಂತಲೂ ಕಡಿಮೆ. ಮುಂದೆ ಮತ್ತೆ ಹಳದಿ, ಅದರ ಬಲಕ್ಕೆ ಕೆಂಪಗೆ ಇನ್ನೊಂದು ಹೊಲ. ಗೆರೆಗೆ ನೇರ ದಾರಿ ಕೆಂಪಿನ ಮೇಲೆ.

"ಹೇಳೋ!" ಎಂದೆ.

"ಹಳದಿದು ಹುಲ್ಲು ಮಾಮ, ಮೂರ್ ಕಡೆ ಉಜ್ಜಿದೀನಿ, ಏನಿಲ್ಲ. ಕೆಂಪಂದು ಬ್ಯಾಡ! ಅದು ಜೋಳ ಕಣ್ರಿ, ನಮ್ಮ ಜೋಳ! ಕಾಳು ಐತೆ!"

ಎಡಕ್ಕೆ ವಾಲಿದೆ. ಜೋಳವನ್ನು ಬಲಕ್ಕೆ ಬಿಟ್ಟು ಹುಲ್ಲಿನ ಮೇಲೆ ಸ್ವಲ್ಪ ಸುತ್ತು ಬಳಸಿ ಬಂದೆ. ಕೆಳಗೆ ಹುಲ್ಲು ಬೇಗ ಬೇಗ ಹಿಂದಕ್ಕೆ ಹೋಗುತ್ತಿತ್ತು. ಬೇಲಿ ದಾಟುವಾಗ ಕಾಲು ತಾಗುತ್ತದೆಂದು ಮಡಚಿಕೊಂಡೆ. ಬಿಳಿ ಪಟ್ಟಿ ನನ್ನ ಎದೆಯ ಕೆಳಗೆ ಹಾದುಹೋದದ್ದು ಕಂಡಿತು, ತಕ್ಷಣವೇ ಕಾಲು ನೆಲ ಮುಟ್ಟಿತು. ಕೆಲವು ಹೆಜ್ಜೆ ಓಡಿ ಮೊಣಕಾಲೂರಿದೆ.

ಬಾಮೈದ ಓಡಿಬಂದು ರೆಕ್ಕೆ ಹಿಡಿದುಕೊಂಡ. ಅವನ ಅಂಗಿಯ ತುಂಬ ಹುಲ್ಲಿನ ಮುಳ್ಳು. ಒಂದು ಕೈಯಲ್ಲಿ ಅದನ್ನು ಕೊಡವಿಕೊಂಡ. "ಆ ಜೋಳನ ಇವರು ದನಕ್ಕೆ ಹಾಕ್ತಾರಂತೆ ಮಾಮ. ಹೊಲದೋನು ಕೈಸನ್ನೆ ಮಾಡಿ, ಅಂಬಾ ಅಂದು ತೋರಿಸ್ದ" ಎಂದ.

"ಹಂಗಾರೆ ಅದ್ರ ಮೇಲೇ ಬರಬಹುದಿತ್ತೇನೋ" ಎಂದೆ.

"ಬಂದಿದ್ರೆ ನಾನೇ ಬೈತಿದ್ದೆ."

ಗೆರೆಯ ಹತ್ತಿರ ಇದ್ದ ಅಧಿಕಾರಿ ಒಬ್ಬ ಹೆಂಗಸು. ನನ್ನ ರೆಕ್ಕೆಯ ನಂಬರ್ ನೋಡಿ ಬರೆದುಕೊಂಡಳು. ನನ್ನ ಹಿಂದೆ ಇನ್ನು ಯಾರಾದರೂ ಬರುವವರಿದ್ದಾರಾ ಎಂದು ಕೇಳಿದೆ. ಇಲ್ಲ, ಉಳಿದವರೆಲ್ಲ ದಾರಿಯಲ್ಲಿ ಇಳಿದಿದ್ದಾರೆ, ನೀನೇ ಕೊನೆ ಎಂದಳು. ಗೆರೆಯ ಪಟ್ಟಿಗೆ ಹೊಡೆದಿದ್ದ ಮೊಳೆ ಕಿತ್ತು, ಅದನ್ನು ಸುತ್ತಲು ಶುರು ಮಾಡಿದಳು. ಉದ್ದನೆಯ ಪಟ್ಟಿ, ಗಾಳಿಗೆ ಹೊರಳುತ್ತಿತ್ತು, ಒಬ್ಬರಿಂದ ಆಗುವ ಕೆಲಸವಲ್ಲ. ಇನ್ನೊಂದು ತುದಿಗೆ ಹೋಗಿ ನಾನು ಬಿಗಿಯಾಗಿ ಹಿಡಿದುಕೊಂಡೆ.