ಸತ್ತವರೇ ಬಾಗಿಲು ತೆರೆದಾಗ

ಬಾಗಿಲು ತೆರೆದವರನ್ನು ಕಂಡು ನನ್ನ ಕೈಯಲ್ಲಿದ್ದ ಸಾರಿನ ಪಾತ್ರೆ ಜಾರುವುದರಲ್ಲಿತ್ತು. ಎದುರಿಗೆ ನಿಂತಿದ್ದವರು ಜೋನ್ಸ್ ಅಂಕಲ್! ಅವರು ತೀರಿಕೊಂಡರೆಂದೇ ನಾನೂ ಅತ್ತೆಯೂ ಅವರ ಮನೆಗೆ ಅನ್ನ, ಸಾರು ಹೊತ್ತು ಬಂದಿದ್ದೆವು.

ಸಿಂಗಾಪುರದ ಬುಕಿತ್ ಬಾಟೋಕ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು ವೇಲ್ಸ್ ದೇಶದ ಈ ದಂಪತಿ. ಅಂಕಲ್ ಹೃದಯದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಅಂದು ಬೆಳಿಗ್ಗೆ ಆಂಟಿಯ ಸ್ಟೇಟಸ್ಸಿನಲ್ಲಿ ‘ನಮ್ಮ ಜೋನ್ಸ್ ಇನ್ನಿಲ್ಲ’ ಎಂದಿದ್ದನ್ನು ಅತ್ತೆಗೆ ಓದಿ ಹೇಳಿದೆ. ಮೈಸೂರಿನಿಂದ ಬಂದಿದ್ದ ಅತ್ತೆ ಕಣ್ಣೊರೆಸಿಕೊಂಡು ಎದ್ದರು.

“ಸಾವಾದ ಮನೇಲಿ ಒಲೆ ಹಚ್ಚಲ್ಲ ಕಣಮ್ಮ. ಪಾಪ, ಆಕೆ ಉಪವಾಸ ಇರ್ತಾಳೆ. ಕುಕ್ಕರ್ ಇಡು.”

ಬಂದ ಕಾರಣವನ್ನು ನಾನು ತೊದಲುತ್ತ ಹೇಳಿದಾಗ ಅಂಕಲ್ ಎದೆಯ ಹೊಲಿಗೆಯನ್ನು ಒತ್ತಿ ಹಿಡಿದು ನಕ್ಕರು. ವೇಲ್ಸ್‌ನಲ್ಲಿ ಬೀದಿಗೊಬ್ಬ ಜೋನ್ಸ್ ಇರುತ್ತಾನಂತೆ. ಹೆಸರಾಂತ ಹಾಡುಗಾರರಲ್ಲೂ ಮಂತ್ರಿಗಳಲ್ಲೂ ಆಟಗಾರರಲ್ಲೂ ಜೋನ್ಸ್‌ಗಳೇ ಅಂತೆ. ತೀರಿಕೊಂಡದ್ದು ಅವರ ಊರಿನ ಹಳೆಯ ರಗ್ಬಿ ಆಟಗಾರ ಜೋನ್ಸ್. ಇವರು ಹಿಂದಿನ ಸಂಜೆಯೇ ಡಿಸ್‌ಚಾರ್ಜ್ ಆಗಿ ಮನೆಗೆ ಬಂದಿದ್ದರು!

ಅಮಂಗಳದ ಅಡುಗೆಯೆಂದು ನಾನು ಪಾತ್ರೆ ಹಿಂದಕ್ಕೆ ಎಳೆದುಕೊಂಡೆ. ಅಂಕಲ್ ಬಿಡಲಿಲ್ಲ. ತನಗಾಗಿಯೇ ಮಾಡಿದ್ದಲ್ಲವೇ ಎಂದು ಮೇಜಿಗೆ ಕೂತು, ಮತ್ತೆ ಮತ್ತೆ ಬಡಿಸಿಕೊಂಡು ಉಂಡರು. ಅತ್ತೆಯ ಮುಖ ಅರಳಿತು. “ಸುಳ್ಳು ಸುದ್ದಿ ಬಂದ್ರೆ ಆಯಸ್ಸು ಜಾಸ್ತಿ ಆಗತ್ತೆ, ಹೇಳು ಅವರಿಗೆ,” ಎಂದರು.

ಈಗಲೂ ಲಿಫ್ಟಿನಲ್ಲಿ ಸಿಕ್ಕರೆ, ಆ ಸಾರಿಗಾಗಿ ಮತ್ತೆ ಯಾವಾಗ ಸಾಯಬೇಕೆಂದು ಅಂಕಲ್ ಕೇಳುತ್ತಾರೆ. ಮನಸ್ಸಿನಲ್ಲೇ ‘ಬಿಡ್ತು’ ಅಂದುಕೊಂಡು, ಮನೆಗೆ ಬಂದು ಬೇಳೆ ಬೇಯಲು ಇಡುತ್ತೇನೆ.