ಮುಧೋಳಕ್ಕೆ ಒಯ್ದ ಫ್ರೆಂಚ್ ಮಾತು

ರಬಕವಿಯಿಂದ ಮುಧೋಳಕ್ಕೆ ಇಪ್ಪತ್ತು ಮೈಲು. ಸುಗ್ಗಿಯ ದಿನಗಳಾದ್ದರಿಂದ ಗಾಡಿ ಸಿಗುವುದೇ ಕಷ್ಟವಾಗಿತ್ತು. ಕಡೆಗೆ ಹತ್ತಿ ಹೇರಿಕೊಂಡು ಹೊರಟಿದ್ದವನೊಬ್ಬ ತಲೆಗೆ ನಾಲ್ಕಾಣೆಯಂತೆ ನಮ್ಮಿಬ್ಬರನ್ನು ಹತ್ತಿಸಿಕೊಂಡ. ಗಂಗವ್ವ ಹತ್ತಿಯ ಚೀಲಕ್ಕೆ ಒರಗಿ ಕೂತಳು. ನಾನು ಅವಳಿಗೆ ಮುಖ ಕಾಣದಂತೆ ಹಿಂದೆ ಕೂತೆ.

ಗಂಗವ್ವ ನನ್ನ ಗೆಳೆಯ ಮಲ್ಲಪ್ಪನ ತಾಯಿ. ಜರ್ಮನ್ ಲಡಾಯಿಯಲ್ಲಿ ನಾನೂ ಅವನೂ ಫ್ರಾನ್ಸಿಗೆ ಹೋಗಿ ದಂಡಿನ ಹೇಸರಗತ್ತೆ ಗಾಡಿ ಹೊಡೆಯುತ್ತಿದ್ದೆವು. ಅಲ್ಲಿನ ಮುದುಕ ಗಾಡಿಯವನೊಬ್ಬ ನಮಗೆ ಫ್ರೆಂಚ್ ಕಲಿಸಿದ. ಕಲಿಸಿದ್ದೆಲ್ಲ ಬೈಗುಳವೇ. ಹುಲ್ಲಿನ ಮೇಲೆ ಕೂತು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದೆವು. ನಾಲಿಗೆ ಸರಿಯಾಗಿ ಹೊರಳಿದರೆ ಒಂದು ತುಂಡು ರೊಟ್ಟಿ ಕೊಡುತ್ತಿದ್ದ. ಮಲ್ಲಪ್ಪನಿಗೆ ಇಷ್ಟವಾದದ್ದು 'ಸಾಲ್ ಕೊಶೋಂ'. ಅಂದರೆ ಹೊಲಸು ಹಂದಿ. ದಿನವಿಡೀ ಹೇಸರಗತ್ತೆಗಳಿಗೆ ಅದೇ ಅನ್ನುತ್ತಿದ್ದ. ಎರಡನೆಯ ಚಳಿಗಾಲದಲ್ಲಿ ಎದೆಜ್ವರ ಬಂದು ಹೋಗಿಬಿಟ್ಟ.

ನಾನು ಊರಿಗೆ ಬಂದಾಗ ಗಂಗವ್ವ, "ನನ್ನ ಮಗಾ ಅಲ್ಲಿ ಏನ್ ಮಾತ ಕಲತಿದ್ದೊ ತಮ್ಮಾ?" ಎಂದು ಕೇಳಿದಳು. ಮಾತು ಖರೆಯದನ್ನೇ ಹೇಳಿದೆ. ಅರ್ಥ ಮಾತ್ರ ಸುಳ್ಳು ಹೇಳಿದೆ: "ದೇವರು ನಿನ್ನ ಸುಖವಾಗಿಡಲಿ." ಅಂದಿನಿಂದ ಅವಳು ದೀಪ ಹಚ್ಚಿ ಅದನ್ನೇ ಅನ್ನುತ್ತಿದ್ದಳು, ಮಗ್ಗದ ಮುಂದೆ ಆಡುವ ಮೊಮ್ಮಕ್ಕಳಿಗೂ ಅನ್ನುತ್ತಿದ್ದಳು. ಮೊದಮೊದಲು ಒಳಗೊಳಗೇ ನಕ್ಕೆ. ನಾಚಿಕೆಗೇಡಿ ನಾನು! ಆಮೇಲೆ ಅವಳ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ.

ಹೀಗೆ ಎರಡು ವರ್ಷ ಕಳೆದ ಮೇಲೆ, ಬೇಟೆನಾಯಿ ನೋಡಲು ಫ್ರಾನ್ಸಿನ ಸಾಹೇಬನೊಬ್ಬ ಮುಧೋಳಕ್ಕೆ ಬಂದಿದ್ದಾನೆಂದು ಸಂತೆಯಲ್ಲಿ ಸುದ್ದಿಯಾಯಿತು. ಗಂಗವ್ವ ನನ್ನ ಮನೆಗೇ ಬಂದಳು. "ನನ್ನ ಮಗನ್ನ ಮಣ್ಣ ಮಾಡಿದ ಮಂದಿ ಅವರು. ಅವರ ಮಾತು ನನಗ ಬರೂದು ಒಂದ. ಅದನ್ನರ ಹೇಳಿ ಬರಬ್ಯಾಡೇನು?"

ನಡುದಾರಿಯಲ್ಲಿ, ಮಹಾಲಿಂಗಪುರದಲ್ಲಿ, ಗಾಡಿಯವನು ಎತ್ತು ಬಿಚ್ಚಿದ. ಬಾವಿಕಟ್ಟೆಯ ಮೇಲೆ ಅವಳು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟಳು. ಈಗ ಹೇಳಲೇಬೇಕು ಅಂದುಕೊಂಡೆ.

"ಅವ್ವಾ, ಆ ಮಾತು..."

"ಮರತಿಲ್ಲೋ, ದಿನಾ ಅಂತೀನಲ್ಲ. ನೀ ಉಣ್ಣು" ಎಂದು ಇನ್ನೊಂದು ರೊಟ್ಟಿ ಹಾಕಿದಳು. ಉಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ; ಆಡದೆ ಉಳಿದದ್ದೂ ನನ್ನನ್ನು ಕೆಡಿಸಿತು.

ಮುಧೋಳ ಮುಟ್ಟಿದಾಗ ಹೊತ್ತು ಇಳಿದಿತ್ತು. ಸಾಹೇಬ ಇಳಿದಿದ್ದ ಬಂಗಲೆಯ ಪಹರೆಯವನು ಒಳಗೆ ಬಿಡಲಾರನೆಂದು ಆಸೆಪಟ್ಟಿದ್ದೆ. ಮುದುಕಿಯನ್ನು ನೋಡಿ ಅವನು ಬಿಟ್ಟೇಬಿಟ್ಟ. ಅಂಗಳದಲ್ಲಿ ಸಾಹೇಬ ಬಡಕಲು ನಾಯಿಯೊಂದರ ಬೆನ್ನು ಸವರುತ್ತಿದ್ದ. ಗಂಗವ್ವ ಸೆರಗು ಸರಿಮಾಡಿಕೊಂಡು, ಕೈ ಮುಗಿದು, ಸ್ಪಷ್ಟವಾಗಿ ಅಂದಳು: "ಸಾಲ್ ಕೊಶೋಂ."

ಸಾಹೇಬನ ಮುಖ ಕೆಂಪಾಯಿತು. ಮುದುಕಿಯ ಮುಗಿದ ಕೈ ನೋಡಿದ, ಆಮೇಲೆ ನನ್ನನ್ನು ನೋಡಿದ. ಬೈಗುಳ ಬಿಟ್ಟರೆ ನನಗೆ ಬರುತ್ತಿದ್ದ ನಾಲ್ಕು ಮಾತನ್ನು ತೊದಲಿದೆ: ಮಗ, ಫ್ರಾನ್ಸ್, ಲಡಾಯಿ, ಸತ್ತ. ಅವನು ಟೊಪ್ಪಿಗೆ ತೆಗೆದ. ಅವಳ ಎರಡೂ ಕೈ ಹಿಡಿದು, ಬಾಗಿ, ಹಣೆಗೆ ಒತ್ತಿಕೊಂಡ. ನನ್ನ ಕಡೆ ಮತ್ತೆ ತಿರುಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬರಿಗಾಡಿಯಲ್ಲಿ ಹಿಂತಿರುಗಿದೆವು. ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಎಂಥಾ ಮರ್ಯಾದಿ ಮನಶ್ಯಾ. ಕಣ್ಣಾಗ ನೀರು ತಂದಾ, ನೋಡಿದೇನು?" ನಾನು ಎತ್ತಿನ ಬಾಲ ನೋಡುತ್ತ ಹೂಂಗುಟ್ಟಿದೆ.

ರಬಕವಿಯಲ್ಲಿ ಅವಳನ್ನು ಕೈಹಿಡಿದು ಇಳಿಸಿದೆ. "ನೀ ಇದ್ದಿ ಅಂತ ಆತು ತಮ್ಮಾ" ಎಂದವಳು ನನ್ನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

"ಸಾಲ್ ಕೊಶೋಂ."

ಎರಡು ವರ್ಷದಲ್ಲಿ ಅದೊಂದು ಸಲ ಆ ಮಾತು ಸಲ್ಲಬೇಕಾದವನಿಗೇ ಸಂದಿತು. ತಲೆ ಬಾಗಿಸಿ ತೆಗೆದುಕೊಂಡೆ.